ಹೋಗಲು ಎಂಟು ಗಂಟೆ, ಬರಲು ಹತ್ತು

ಬೆಂಗಳೂರಿನಿಂದ ಟೋಕಿಯೊಗೆ ಟಿಕೆಟ್ ಮಾಡಿಸಿದವರ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: 'ಹೋಗೋಕೆ ಹನ್ನೆರಡು ಗಂಟೆ ಅಂತೆ, ಬರೋಕೆ ಮಾತ್ರ ಆರೇ ಗಂಟೆ!' ಟಿಕೆಟ್ ನೋಡಿದರೆ ಹಾಗೆಯೇ ಕಾಣುತ್ತದೆ. ದೇವನಹಳ್ಳಿಯಿಂದ ನಸುಕಿನ ಎರಡು ಗಂಟೆ ಸುಮಾರಿಗೆ ಹೊರಟ ವಿಮಾನ ಟೋಕಿಯೊದ ನರಿಟಾ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಅಲ್ಲಿ ಮಧ್ಯಾಹ್ನ ಒಂದೂವರೆಯ ಹೊತ್ತು. ವಾಪಸ್ ಬರುವಾಗ ಸಂಜೆ ಆರರ ಸುಮಾರಿಗೆ ಅಲ್ಲಿ ಹತ್ತಿದವರು ನಡುರಾತ್ರಿಯ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿರುತ್ತಾರೆ. ಆದರೆ ವಿಮಾನದೊಳಗೆ ಕೂರುವ ಹೊತ್ತಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಹೋಗುವ ಪ್ರಯಾಣ ಎಂಟು ಗಂಟೆಯ ಆಸುಪಾಸಿನದು, ಬರುವ ಪ್ರಯಾಣ ಹತ್ತು ಗಂಟೆಯ ಹತ್ತಿರದ್ದು. ಯಾವುದು ಬೇಗ ಮುಗಿಯಿತು ಎಂದು ಗಡಿಯಾರ ಹೇಳುತ್ತದೋ ಅದೇ ನಿಜವಾಗಿ ಉದ್ದದ ಪ್ರಯಾಣ.

ಗಡಿಯಾರದ ಗೊಂದಲವನ್ನು ಮೊದಲು ಬಗೆಹರಿಸಿಬಿಡೋಣ, ಅದು ಸುಲಭ. ಭಾರತದ ವೇಳೆಯನ್ನು ಮಿರ್ಜಾಪುರದ ಸಮೀಪ ಹಾದುಹೋಗುವ 82.5 ಡಿಗ್ರಿ ರೇಖಾಂಶದಿಂದ ಲೆಕ್ಕ ಹಾಕುತ್ತಾರೆ, ಜಪಾನಿನ ವೇಳೆಯನ್ನು ಅಕಾಶಿ ಪಟ್ಟಣದ ಮೇಲಿನ 135 ಡಿಗ್ರಿ ರೇಖಾಂಶದಿಂದ. ನಡುವಿನ ಅಂತರ 52.5 ಡಿಗ್ರಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಹೋಗುವಾಗ ಈ ಮೂರೂವರೆ ಗಂಟೆ ಪ್ರಯಾಣದ ಮೇಲೆ ಕೂಡಿಕೊಳ್ಳುತ್ತದೆ, ಬರುವಾಗ ಕಳೆದುಹೋಗುತ್ತದೆ. ಜಪಾನಿನಲ್ಲಿ ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿಯೂ ಇಲ್ಲ, ಹಾಗಾಗಿ ವರ್ಷವಿಡೀ ಇದೇ ಲೆಕ್ಕ.

ಆ ಮೂರೂವರೆ ಗಂಟೆಯನ್ನು ತೆಗೆದುಹಾಕಿದ ಮೇಲೂ ಎರಡು ಗಂಟೆಯ ವ್ಯತ್ಯಾಸ ಉಳಿಯುತ್ತದಲ್ಲ, ಅದಕ್ಕೇನು ಕಾರಣ? ಊರುಗಳು ಅವೇ, ವಿಮಾನ ಅದೇ. ನನ್ನ ಪ್ರಕಾರ ಈ ಎರಡು ಗಂಟೆ ನಾವು ಶಾಲೆಯಲ್ಲಿ ಓದಿದ ಭೂಗೋಳದ ಎಷ್ಟೋ ಪಾಠಗಳಿಗಿಂತ ಹೆಚ್ಚು ಕಲಿಸುತ್ತದೆ.

ದೂರವನ್ನು ನೋಡೋಣ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನರಿಟಾಕ್ಕೆ ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ ಸುಮಾರು 6,700 ಕಿ.ಮೀ. ಒಂದು ಭೂಗೋಳದ ಚೆಂಡು ತೆಗೆದುಕೊಂಡು ಎರಡು ಊರುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಈಶಾನ್ಯಕ್ಕೆ ಹೊರಟು, ನೆಲ್ಲೂರಿನ ಕಡೆ ಕರಾವಳಿ ದಾಟಿ, ಬಂಗಾಳ ಕೊಲ್ಲಿಯ ಮೇಲೆ ಸಾಗುತ್ತದೆ. ಅಲ್ಲಿಂದ ಮ್ಯಾನ್ಮಾರಿನಲ್ಲಿ ಮಂಡಾಲೆಯ ಉತ್ತರಕ್ಕೆ ಹಾದು, ಚೀನಾವನ್ನು ಓರೆಯಾಗಿ ದಾಟಿ, ಹಳದಿ ಸಮುದ್ರ ಮತ್ತು ಕೊರಿಯಾದ ದಕ್ಷಿಣ ತುದಿಯ ಮೇಲಿನಿಂದ ಜಪಾನ್ ಸೇರುತ್ತದೆ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ದಾರಿ ದಕ್ಷಿಣಕ್ಕೆ ಬೀಳುತ್ತದೆ. ಆದರೂ ಈ ಎರಡು ಊರುಗಳ ಮಟ್ಟಿಗೆ ಎರಡೂ ಗೆರೆಗಳ ಉದ್ದದ ವ್ಯತ್ಯಾಸ ನೂರು ಕಿ.ಮೀ.ಗಿಂತ ಕಡಿಮೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರಿಗೆ ಭೂಮಿ ದುಂಡಗಿರುವುದು ದೊಡ್ಡ ವಿಷಯ, ಟೋಕಿಯೊಗೆ ಹೋಗುವವರಿಗೆ ಅಷ್ಟಿಲ್ಲ.

ನೇರ ವಿಮಾನ ಬಂದದ್ದೇ ಇತ್ತೀಚೆಗೆ. ಜಪಾನ್ ಏರ್‌ಲೈನ್ಸ್ ಬೆಂಗಳೂರು–ನರಿಟಾ ಹಾರಾಟ ಆರಂಭಿಸಿದ್ದು 2021ರ ಮಾರ್ಚ್‌ನಲ್ಲಿ. ಬಿಡದಿಯಲ್ಲಿ ಟೊಯೊಟಾ ನೆಲೆಯೂರಿ ಅಷ್ಟು ಹೊತ್ತಿಗೆ ಎರಡು ದಶಕ ಕಳೆದಿತ್ತು. ಅದಕ್ಕೂ ಮೊದಲು ಸಿಂಗಪುರ, ಬ್ಯಾಂಕಾಕ್, ಹಾಂಗ್‌ಕಾಂಗ್ ಅಥವಾ ದೆಹಲಿ ಸುತ್ತಿಕೊಂಡು ಹೋಗಬೇಕಿತ್ತು. ಸಿಂಗಪುರದ ದಾರಿಯಾದರೆ ಒಟ್ಟು ಎಂಟೂವರೆ ಸಾವಿರ ಕಿ.ಮೀ., ಜೊತೆಗೆ ನಡುವೆ ಕಾಯುವ ಹೊತ್ತು ಬೇರೆ.

ಈಗ ವೇಗ. ಇಂದಿನ ದೊಡ್ಡ ಜೆಟ್ ವಿಮಾನ ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಂಟೆಗೆ ಹತ್ತಿರ ಹತ್ತಿರ 900 ಕಿ.ಮೀ. ಹಾರುತ್ತದೆ. 6,700ನ್ನು 900ರಿಂದ ಭಾಗಿಸಿದರೆ ಏಳು ಗಂಟೆ 27 ನಿಮಿಷ. ಅಂತರ್ಜಾಲದಲ್ಲಿ 'ಇಂಥ ಊರಿಗೆ ಎಷ್ಟು ಗಂಟೆ' ಎಂದು ಕೇಳಿದಾಗ ಸಿಗುವ ಉತ್ತರ ಬಹುಮಟ್ಟಿಗೆ ಈ ಭಾಗಾಕಾರವೇ, ಮೇಲೆ ಏರಲು ಇಳಿಯಲು ಅರ್ಧ ಗಂಟೆ ಸೇರಿಸಿರುತ್ತಾರೆ ಅಷ್ಟೆ. ಆ ಉತ್ತರದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಅಂಕಿ ಇರುತ್ತದೆ. ತಪ್ಪಾಗುವುದು ಅಲ್ಲೇ. ಆ 900 ಕಿ.ಮೀ. ವೇಗ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ತುಂಬಿ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನ ತೋಳಿನ ಬಲ ಎಷ್ಟೇ ಇರಲಿ, ದಡದಲ್ಲಿ ನಿಂತವನಿಗೆ ಅವನು ಎಷ್ಟು ಬೇಗ ಸಾಗುತ್ತಾನೆ ಎಂಬುದನ್ನು ನೀರಿನ ಸೆಳವೂ ಸೇರಿ ತೀರ್ಮಾನಿಸುತ್ತದೆ. ವಿಮಾನಕ್ಕೂ ಇದೇ ಅನ್ವಯ. ಪೈಲಟ್‌ಗಳು ಹಿಂದಿನಿಂದ ತಳ್ಳುವ ಗಾಳಿಯನ್ನು ಟೇಲ್‌ವಿಂಡ್ ಎನ್ನುತ್ತಾರೆ, ಎದುರು ಗಾಳಿಯನ್ನು ಹೆಡ್‌ವಿಂಡ್ ಎನ್ನುತ್ತಾರೆ, ನೆಲದ ಲೆಕ್ಕದ ವೇಗವನ್ನು ಗ್ರೌಂಡ್ ಸ್ಪೀಡ್ ಎನ್ನುತ್ತಾರೆ. ಸೀಟಿನ ಮುಂದಿನ ಪರದೆಯ ನಕ್ಷೆಯಲ್ಲಿ ಕಾಣುವುದು ಈ ಗ್ರೌಂಡ್ ಸ್ಪೀಡ್. ಜನವರಿಯಲ್ಲಿ ಜಪಾನ್ ಸಮೀಪಿಸುವಾಗ ಅದು 1,100 ದಾಟಬಹುದು. ಅದನ್ನು ನೋಡಿ ವಿಮಾನ ಶಬ್ದದ ವೇಗ ಮೀರಿತೇ ಎಂದು ಗಾಬರಿಯಾಗಬೇಕಿಲ್ಲ, ಸುತ್ತಲಿನ ಗಾಳಿಯ ಮಟ್ಟಿಗೆ ಅದು ಹಾರುತ್ತಿರುವುದು ಅದೇ 900ರಲ್ಲಿ. ವಾಪಸ್ ಬರುವಾಗ ಅದೇ ಜಾಗದಲ್ಲಿ ಅಂಕಿ 700ರ ಕೆಳಗೂ ಇಳಿಯುತ್ತದೆ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ದಾರಿಯುದ್ದಕ್ಕೂ ಗಾಳಿ ಸರಾಸರಿ 100 ಕಿ.ಮೀ. ಎಂದುಕೊಳ್ಳೋಣ. ಹೋಗುವಾಗ ವೇಗ 1,000, ಅಂದರೆ ಆರು ಗಂಟೆ 42 ನಿಮಿಷ. ಬರುವಾಗ ವೇಗ 800, ಅಂದರೆ ಎಂಟು ಗಂಟೆ 22 ನಿಮಿಷ. ಎರಡೂ ಸೇರಿ ಹದಿನೈದು ಗಂಟೆ ನಾಲ್ಕು ನಿಮಿಷ. ಗಾಳಿಯೇ ಇಲ್ಲದಿದ್ದರೆ ಹದಿನಾಲ್ಕು ಗಂಟೆ 53 ನಿಮಿಷಕ್ಕೆ ಮುಗಿಯುತ್ತಿತ್ತು. ಅನುಕೂಲದ ಗಾಳಿಯಲ್ಲಿ ನಾವು ಇರುವುದು ಸ್ವಲ್ಪ ಹೊತ್ತು, ಪ್ರತಿಕೂಲದ ಗಾಳಿಯಲ್ಲಿ ಇರುವುದು ಹೆಚ್ಚು ಹೊತ್ತು. ಆದ್ದರಿಂದ ಹೋಗಿಬರುವ ಪ್ರಯಾಣದಲ್ಲಿ ಗಾಳಿ ಯಾವತ್ತೂ ಒಂದಿಷ್ಟನ್ನು ಕಿತ್ತುಕೊಂಡೇ ಬಿಡುತ್ತದೆ.

ಈ ಗಾಳಿ ಎಲ್ಲಿಂದ ಬರುತ್ತದೆ? ಸಮಭಾಜಕದ ಬಳಿ ಕಾದು ಮೇಲೇರಿದ ಗಾಳಿ ಎತ್ತರದಲ್ಲಿ ಧ್ರುವದ ಕಡೆಗೆ ಸರಿಯುತ್ತದೆ. ಸಮಭಾಜಕದಲ್ಲಿ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತಿರುತ್ತದೆ. ಟೋಕಿಯೊ ಇರುವ 35 ಡಿಗ್ರಿ ಅಕ್ಷಾಂಶದಲ್ಲಿ ನೆಲದ ವೇಗ ಸುಮಾರು 1,370 ಮಾತ್ರ. ದಕ್ಷಿಣದಿಂದ ಹೆಚ್ಚಿನ ವೇಗ ಹೊತ್ತು ಬಂದ ಗಾಳಿ ಅಲ್ಲಿ ನೆಲಕ್ಕಿಂತ ಮುಂದೆ ಓಡುತ್ತದೆ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಇದರ ಮೇಲೆ ಸೈಬೀರಿಯಾದ ಕೊರೆಯುವ ಚಳಿಗೂ ಪೆಸಿಫಿಕ್ ಸಾಗರದ ಬೆಚ್ಚಗಿನ ಗಾಳಿಗೂ ಇರುವ ಉಷ್ಣಾಂಶದ ವ್ಯತ್ಯಾಸ ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಟಿಬೆಟ್ ಪ್ರಸ್ಥಭೂಮಿಯ ದಕ್ಷಿಣದಲ್ಲೊಂದು, ಉತ್ತರದಲ್ಲೊಂದು ಹರಿದು ಬಂದ ಗಾಳಿಹೊಳೆಗಳು ಪೂರ್ವದಲ್ಲಿ ಒಂದಾಗಿ ಜಪಾನಿನ ನೆತ್ತಿಯ ಮೇಲೆ ಹಾಯುತ್ತವೆ. ಜಗತ್ತಿನ ಅತ್ಯಂತ ಬಿರುಸಿನ ಜೆಟ್ ಸ್ಟ್ರೀಮ್ ಅದು, ನಡುಭಾಗದಲ್ಲಿ ಗಂಟೆಗೆ 300 ಕಿ.ಮೀ. ಮೀರುವುದು ಅಪರೂಪವಲ್ಲ.

ಇದನ್ನು ಮೊದಲು ಕ್ರಮಬದ್ಧವಾಗಿ ಅಳೆದವರ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ, ಅದು ನನಗೆ ಬೇಸರದ ಸಂಗತಿ. ವಾಸಾಬುರೊ ಓಯಿಶಿ ಎಂಬ ಜಪಾನಿ ಹವಾಮಾನ ವಿಜ್ಞಾನಿ ಟೋಕಿಯೊದ ಈಶಾನ್ಯಕ್ಕೆ, ಇಂದಿನ ತ್ಸುಕುಬಾ ನಗರಕ್ಕೆ ಸೇರಿದ ತತೆನೊ ಎಂಬಲ್ಲಿ 1920ರಲ್ಲಿ ಶುರುವಾದ ಮೇಲ್ವಾಯು ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು. ಇಂದು ಬೆಂಗಳೂರಿನ ವಿಮಾನ ಇಳಿಯುವ ನರಿಟಾಕ್ಕೂ ಆ ಜಾಗಕ್ಕೂ ನಲವತ್ತು ಕಿ.ಮೀ. ಆಸುಪಾಸಿನ ದೂರ.

ಅವರು ಮಾಡುತ್ತಿದ್ದ ಕೆಲಸ ನೋಡಲು ಸರಳ. ರಬ್ಬರ್ ಬಲೂನಿಗೆ ತೂಕ ನೋಡಿ ಹೈಡ್ರೋಜನ್ ತುಂಬಿ ಬಿಡುವುದು. ಎಷ್ಟು ಅನಿಲ ತುಂಬಿದರೆ ನಿಮಿಷಕ್ಕೆ ಎಷ್ಟು ಮೇಲೇರುತ್ತದೆ ಎಂಬುದು ಗೊತ್ತಿರುತ್ತದೆ, ಹಾಗಾಗಿ ಕೈಯಲ್ಲಿ ಗಡಿಯಾರವಿದ್ದರೆ ಎತ್ತರ ಸಿಕ್ಕಂತೆ. ಸರ್ವೆಯವರು ಬಳಸುವ ಥಿಯೊಡೊಲೈಟ್‌ನ ದುರ್ಬೀನಿಗೆ ಕಣ್ಣಿಟ್ಟು ಬಲೂನು ಯಾವ ದಿಕ್ಕಿನಲ್ಲಿದೆ, ಎಷ್ಟು ಡಿಗ್ರಿ ಮೇಲಿದೆ ಎಂಬುದನ್ನು ಕ್ರಮ ತಪ್ಪದೆ ಬರೆದುಕೊಳ್ಳುವುದು. ಕೋನ ಮತ್ತು ಎತ್ತರದಿಂದ ಬಲೂನಿರುವ ಜಾಗ, ಎರಡು ಜಾಗಗಳ ಅಂತರದಿಂದ ಗಾಳಿಯ ವೇಗ. ಚುಕ್ಕೆಯಷ್ಟಾದ ಬಲೂನು ಒಮ್ಮೆ ಕಣ್ಣು ತಪ್ಪಿತೋ ಅಂದಿನ ವೀಕ್ಷಣೆ ಅಲ್ಲಿಗೆ ಮುಗಿಯಿತು. ಮೋಡ ಬಂದರೂ ಮುಗಿಯಿತು. ಟೋಕಿಯೊದ ಸುತ್ತಲಿನ ಬಯಲಿನಲ್ಲಿ ಚಳಿಗಾಲದ ಆಕಾಶ ತಿಳಿಯಾಗಿರುವುದು ಅವರಿಗೆ ವರವಾಯಿತು. 1923ರಿಂದ 1925ರವರೆಗೆ ಹೀಗೆ ಸಾವಿರಕ್ಕೂ ಹೆಚ್ಚು ವೀಕ್ಷಣೆಗಳು ಸೇರಿದವು. 1924ರ ಡಿಸೆಂಬರ್ 2ರಂದು ಸುಮಾರು ಒಂಬತ್ತು ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 72 ಮೀಟರ್ ಗಾಳಿ ಸಿಕ್ಕಿತು. ಗಂಟೆಯ ಲೆಕ್ಕದಲ್ಲಿ 260 ಕಿ.ಮೀ.

ಓಯಿಶಿ ಇದನ್ನು 1926ರಲ್ಲಿ ಪ್ರಕಟಿಸಿದರು, ಎಸ್ಪೆರಾಂಟೊದಲ್ಲಿ. ದೇಶದೇಶಗಳ ಜನ ಸಮಾನವಾಗಿ ಮಾತಾಡಲೆಂದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೂಪಿಸಿದ ಭಾಷೆ ಅದು. ಓಯಿಶಿ ಅದರ ನಿಷ್ಠಾವಂತ ಪ್ರಚಾರಕರಾಗಿದ್ದರು. ಜಪಾನಿ ಬರಹವನ್ನು ಹೊರಗಿನವರು ಓದುವುದಿಲ್ಲ, ಎಸ್ಪೆರಾಂಟೊದಲ್ಲಿದ್ದರೆ ಎಲ್ಲರಿಗೂ ತಲುಪುತ್ತದೆ ಎಂಬುದು ಅವರ ಆಸೆ. ಹೊರಗಿನ ವಿಜ್ಞಾನಿಗಳು ಅದರತ್ತ ಹೆಚ್ಚಾಗಿ ಕಣ್ಣು ಹಾಯಿಸಲಿಲ್ಲ. ಓಯಿಶಿ ಮಾಡಿದ್ದು ಹುಚ್ಚಾಟ ಎಂದು ಕೆಲವರು ಇಂದು ತಮಾಷೆಯಾಗಿ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಅಳತೆ ಎಲ್ಲರಿಗೂ ಸಿಗಬೇಕು ಎಂದು ಬಯಸಿದ ಮನುಷ್ಯ ಅವರು. ಓದಬೇಕಾದವರು ಓದಲಿಲ್ಲ, ಅದರ ಹೊಣೆ ಬರೆದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಓದದಿದ್ದುದರ ಫಲ 1944ರ ನವೆಂಬರ್ 24ರಂದು ಕಾಣಿಸಿತು. ಮರಿಯಾನಾ ದ್ವೀಪಗಳಿಂದ ಹೊರಟ ಅಮೆರಿಕದ 111 ಬಿ-29 ಬಾಂಬರ್‌ಗಳು ಟೋಕಿಯೊದ ಮೇಲೆ ಒಂಬತ್ತು ಕಿ.ಮೀ. ಎತ್ತರದಲ್ಲಿ ಬಂದಾಗ ಓಯಿಶಿ ಅಳೆದಿದ್ದ ಅದೇ ಗಾಳಿಗೆ ಸಿಕ್ಕವು. ಗಾಳಿ ಬೆನ್ನಿಗಿದ್ದರೆ ಗುರಿ ಕಣ್ಣಮುಂದೆ ಹಾರಿಹೋಗುತ್ತಿತ್ತು, ಎದುರಿಗಿದ್ದರೆ ವಿಮಾನ ಕೆಳಗಿನ ತೋಪುಗಳ ಮುಂದೆ ನಿಂತಂತೆಯೇ ಇರುತ್ತಿತ್ತು. ಬಾಂಬುಗಳು ಹೆಚ್ಚಾಗಿ ಗುರಿ ತಪ್ಪಿದವು. ಎತ್ತರದಿಂದ ಕಾರ್ಖಾನೆಗಳಿಗೆ ಗುರಿಯಿಡುವುದನ್ನು ಬಿಟ್ಟು, 1945ರ ಮಾರ್ಚ್ 9–10ರ ರಾತ್ರಿ ಕೆಳಗಿಳಿದು ಬಂದು ಟೋಕಿಯೊದ ಮರದ ಮನೆಗಳ ಮೇಲೆ ಬೆಂಕಿಬಾಂಬ್ ಸುರಿಯಲು ನಿರ್ಧರಿಸಿದ್ದಕ್ಕೆ ಈ ಗಾಳಿಯೂ ಒಂದು ಕಾರಣ. ಆ ಒಂದು ರಾತ್ರಿ ಸತ್ತವರು ಸುಮಾರು ಒಂದು ಲಕ್ಷ. ಜಪಾನಿನ ಸೇನೆಯೂ ಗಾಳಿಯನ್ನು ಸುಮ್ಮನೆ ಬಿಡಲಿಲ್ಲ. ಕಾಗದದ ಬಲೂನುಗಳಿಗೆ ಬಾಂಬ್ ಕಟ್ಟಿ ಪೆಸಿಫಿಕ್ ದಾಟಿಸಿ ಅಮೆರಿಕಕ್ಕೆ ಕಳಿಸಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಬಲೂನುಗಳು ಹೊರಟವು. ಅವುಗಳಲ್ಲೊಂದು 1945ರ ಮೇ 5ರಂದು ಒರೆಗನ್‌ನ ಕಾಡಿನಲ್ಲಿ ಒಬ್ಬ ಮಹಿಳೆಯನ್ನೂ ಐವರು ಮಕ್ಕಳನ್ನೂ ಕೊಂದಿತು.

ಪ್ರಯಾಣಿಕರಿಗೆ ಇದರ ಲಾಭ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. 1952ರ ನವೆಂಬರ್‌ನಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆ ಬೇಕೆಂದೇ ಈ ಗಾಳಿಯನ್ನು ಹಿಡಿದು ಟೋಕಿಯೊದಿಂದ ಹೊನೊಲುಲುಗೆ ವಿಮಾನ ಹಾರಿಸಿತು. ಹದಿನೆಂಟು ಗಂಟೆಯ ಪ್ರಯಾಣ ಹನ್ನೊಂದೂವರೆ ಗಂಟೆಗೆ ಇಳಿಯಿತು.

ಇದೆಲ್ಲ ಚಳಿಗಾಲದ ಮಾತು. ಜುಲೈ ಬಂದರೆ ಚಿತ್ರವೇ ಬೇರೆ, ಅದರಲ್ಲಿ ನಮ್ಮ ಊರಿನ ನೆತ್ತಿಯ ಮೇಲಿನ ಆಕಾಶಕ್ಕೂ ಪಾಲಿದೆ. ಚಳಿಗಾಲವಿಡೀ ಹಿಮಾಲಯದ ದಕ್ಷಿಣಕ್ಕೆ ಹರಿಯುವ ಪಶ್ಚಿಮದ ಜೆಟ್ ಸ್ಟ್ರೀಮ್, ಮುಂಗಾರು ಬರುವ ಹೊತ್ತಿಗೆ ಪರ್ವತಗಳ ಆಚೆಗೆ ಸರಿಯುತ್ತದೆ. ಬೇಸಿಗೆಯಲ್ಲಿ ಟಿಬೆಟ್ ಪ್ರಸ್ಥಭೂಮಿ ಕಾಯುವುದರಿಂದ ಎತ್ತರದಲ್ಲಿ ಉತ್ತರ ಭಾಗವೇ ದಕ್ಷಿಣಕ್ಕಿಂತ ಬೆಚ್ಚಗಾಗಿ, ದಕ್ಷಿಣ ಭಾರತದ ಮೇಲೆ ಗಾಳಿಯ ದಿಕ್ಕು ತಿರುಗುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಈ ಜೆಟ್ ಸ್ಟ್ರೀಮನ್ನು ಜಗತ್ತಿಗೆ ವಿವರಿಸಿದವರು ನಮ್ಮವರೇ ಆದ ಪಿ. ಕೋಟೇಶ್ವರಂ, 1958ರಲ್ಲಿ. ಮುಂದೆ ಅವರು ಭಾರತೀಯ ಹವಾಮಾನ ಇಲಾಖೆಯ ಮಹಾನಿರ್ದೇಶಕರಾದರು. ಬೆಂಗಳೂರಿನ ಅಕ್ಷಾಂಶದ ಆಸುಪಾಸಿನಲ್ಲೇ ಈ ಗಾಳಿ ಹರಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಟೋಕಿಯೊಗೆ ಹೊರಟ ವಿಮಾನ ಮೊದಲ ಒಂದೆರಡು ಗಂಟೆ ಎದುರು ಗಾಳಿಯನ್ನೇ ಎದುರಿಸುತ್ತದೆ. ಜಪಾನಿನ ಮೇಲಿನ ಗಾಳಿಯೂ ಆಗ ಉತ್ತರಕ್ಕೆ ಸರಿದು ಸೊರಗಿರುತ್ತದೆ. ಹೋಗುವ–ಬರುವ ಅವಧಿಗಳು ಹತ್ತಿರ ಹತ್ತಿರವಾಗುತ್ತವೆ.

ಭೂಗೋಳದ ಮೇಲಿನ ದಾರದ ಗೆರೆಯಲ್ಲೇ ವಿಮಾನ ಹಾರುತ್ತದೆ ಎಂದು ಭಾವಿಸುವುದೂ ಬೇಡ. 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯೇ ತನ್ನ ನೆಲದ ಮೇಲಿನ ಆಕಾಶದ ಪೂರ್ಣ ಅಧಿಕಾರ ಆಯಾ ದೇಶಕ್ಕೆ ಸೇರಿದ್ದು ಎನ್ನುತ್ತದೆ. ಮ್ಯಾನ್ಮಾರ್, ಚೀನಾ, ಕೊರಿಯಾ ಒಪ್ಪಿದ ಗೊತ್ತಾದ ದಾರಿಗಳಲ್ಲೇ ಹೋಗಬೇಕು, ಹಾದುಹೋಗುವುದಕ್ಕೆ ಶುಲ್ಕವನ್ನೂ ಕಟ್ಟಬೇಕು. ಒಂದು ದೇಶ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಟೋಕಿಯೊದವರು 2022ರಿಂದ ಅನುಭವಿಸುತ್ತಿದ್ದಾರೆ. ರಷ್ಯಾದ ಆಕಾಶ ಬಿಟ್ಟು ಸುತ್ತುಹಾಕಬೇಕಾದ ಕಾರಣ ಲಂಡನ್ ಪ್ರಯಾಣ ಅವರಿಗೆ ಎರಡು ಗಂಟೆಗೂ ಹೆಚ್ಚು ಉದ್ದವಾಗಿದೆ. ಬೆಂಗಳೂರು–ಟೋಕಿಯೊ ದಾರಿಗೆ ಸದ್ಯ ಅಂಥ ವಿಘ್ನವಿಲ್ಲ. ಆದರೂ ದಿನದಿನದ ಗಾಳಿ ನೋಡಿ ದಾರಿ ಬದಲಾಗುತ್ತದೆ. ಹೋಗುವಾಗ ಜೆಟ್ ಸ್ಟ್ರೀಮಿನ ಒಳಹೊಕ್ಕು ಸಾಗಿದರೆ, ಬರುವಾಗ ಅದರ ಅಂಚು ತಪ್ಪಿಸಿ ಸುತ್ತಿ ಬರುವುದೇ ಲಾಭ. ಕಿಲೋಮೀಟರು ಜಾಸ್ತಿಯಾದರೂ ಇಂಧನ ಉಳಿಯುತ್ತದೆ.

ಆ ಗಾಳಿಯ ಲೆಕ್ಕ ಇಂದಿಗೂ ಬಲೂನಿನಿಂದಲೇ ಶುರು. ನಮ್ಮ ಬೆಳಗಿನ 5.30ರ ಲೆಕ್ಕಕ್ಕೆ ಸರಿಯಾಗಿ ಹವಾಮಾನ ಇಲಾಖೆ ಬೆಂಗಳೂರಿನಲ್ಲಿ ಉಪಕರಣ ಕಟ್ಟಿದ ಬಲೂನ್ ಹಾರಿಸುತ್ತದೆ. ಆಗ ಜಪಾನಿನಲ್ಲಿ ಬೆಳಿಗ್ಗೆ ಒಂಬತ್ತು, ತತೆನೊದಲ್ಲೂ ಅದೇ ಹೊತ್ತಿಗೆ ಬಲೂನ್ ಮೇಲೇರುತ್ತದೆ. ಜಗತ್ತಿನ ನೂರಾರು ಕೇಂದ್ರಗಳದ್ದೂ ಅದೇ ವೇಳೆ. ಹಾರುತ್ತಿರುವ ವಿಮಾನಗಳೂ ತಮಗೆ ಸಿಕ್ಕ ಗಾಳಿಯ ವಿವರ ಕಳಿಸುತ್ತಲೇ ಇರುತ್ತವೆ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಹವಾಮಾನ ಕೇಂದ್ರಗಳಿಗೆ ಈ ಮಾಹಿತಿಯ ಕೊರತೆ ತಟ್ಟಿತು. ಇವೆಲ್ಲ ಸೇರಿ ಲಂಡನ್ ಮತ್ತು ವಾಷಿಂಗ್ಟನ್‌ನ ಎರಡು ಕೇಂದ್ರಗಳಿಂದ ವಿಮಾನಯಾನದ ಗಾಳಿ ಮುನ್ಸೂಚನೆ ಹೊರಡುತ್ತದೆ. ಅದನ್ನು ಹಿಡಿದು ವಿಮಾನ ಸಂಸ್ಥೆಗಳ ಡಿಸ್ಪ್ಯಾಚರ್‌ಗಳು ಆ ದಿನದ ದಾರಿಯನ್ನೂ ತುಂಬಬೇಕಾದ ಇಂಧನವನ್ನೂ ಗೊತ್ತುಮಾಡುತ್ತಾರೆ.

ಪ್ರಯಾಣಿಕರು ಇದರಿಂದ ತಿಳಿಯಬೇಕಾದ್ದು ಒಂದಿಷ್ಟಿದೆ, ಅದರಲ್ಲೂ ಮಕ್ಕಳನ್ನು ನೋಡಲು ಟೋಕಿಯೊಗೆ ಹೋಗುವ ಹಿರಿಯರು. ಟಿಕೆಟ್‌ನಲ್ಲಿ ನಮೂದಾದ ಅವಧಿ ವಿಮಾನ ಗೇಟು ಬಿಟ್ಟಾಗಿನಿಂದ ಗೇಟು ಸೇರುವವರೆಗಿನದು, ನೆಲದ ಮೇಲೆ ಓಡಾಡುವ ಹೊತ್ತೂ ಅದರಲ್ಲಿ ಸೇರಿದೆ. ನರಿಟಾ ಇರುವುದು ಚಿಬಾ ಪ್ರಾಂತದಲ್ಲಿ, ಟೋಕಿಯೊದ ನಡುಭಾಗದಿಂದ ಸುಮಾರು 60 ಕಿ.ಮೀ. ದೂರ, ರೈಲಿನಲ್ಲಿ ಒಂದು ಗಂಟೆಯ ಹಾದಿ. ಚಳಿಗಾಲದಲ್ಲಿ ಜಪಾನಿನ ಹತ್ತಿರ ಆಕಾಶ ಎಷ್ಟೇ ತಿಳಿಯಾಗಿ ಕಂಡರೂ ಜೆಟ್ ಸ್ಟ್ರೀಮಿನ ಅಂಚಿನಲ್ಲಿ ವಿಮಾನ ಇದ್ದಕ್ಕಿದ್ದಂತೆ ಅಲುಗಾಡುತ್ತದೆ, ಸೀಟಿನಲ್ಲಿದ್ದಷ್ಟು ಹೊತ್ತೂ ಬೆಲ್ಟ್ ಬಿಚ್ಚದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಔಷಧಿಯ ವಿಚಾರ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮಾತ್ರೆ ಅಥವಾ ಇನ್ಸುಲಿನ್ ವೇಳೆಯನ್ನು ಟಿಕೆಟ್‌ನ ಗಡಿಯಾರ ನೋಡಿ ಗೊತ್ತುಮಾಡಿಕೊಂಡರೆ ವಾಪಸ್ ಬರುವಾಗ ಎಡವಟ್ಟಾಗುತ್ತದೆ. ಸಂಜೆ ಆರರಿಂದ ನಡುರಾತ್ರಿ ಎಂದು ಟಿಕೆಟ್ ಹೇಳುತ್ತದೆ, ಮೈಗೆ ಕಳೆದಿರುವುದು ಹತ್ತು ಗಂಟೆ. ಹೊರಡುವ ಮುನ್ನ ವೈದ್ಯರ ಮುಂದೆ ಟಿಕೆಟ್ ಇಟ್ಟು, ಎರಡೂ ದಿಕ್ಕಿನ ನಿಜವಾದ ಗಂಟೆಗಳನ್ನು ಬೇರೆ ಬೇರೆಯಾಗಿ ಹೇಳಿ, ಯಾವ ಊರಿನ ವೇಳೆಗೆ ಯಾವ ಮಾತ್ರೆ ಎಂದು ಬರೆಸಿಕೊಳ್ಳಿ. ಆ ಚೀಟಿಯೂ ಔಷಧಿಯೂ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ.